ನಾಲ್ಕನೆಯ ಪೆಟ್ಟಿಗೆಯ ಬಿಸಿ

ಬಸ್ಸು ಬೆಳ್ಳಾರೆ ದಾಟಿದ ಮೇಲೆ ದೇವದಾಸನಿಗೆ ತನ್ನ ಬಲಗೈಯನ್ನು ಎಲ್ಲಿಡಬೇಕೆಂದು ತಿಳಿಯದಾಯಿತು. ತೊಡೆಯ ಮೇಲಿಟ್ಟರೆ ಪ್ಯಾಂಟಿನ ಬಟ್ಟೆಯೊಳಗಿಂದ ಬಿಸಿ ತಾಗಿದಂತಾಗುತ್ತಿತ್ತು. ಎದುರಿನ ಸೀಟಿನ ಸರಳು ಹಿಡಿದರೆ, ಜನವರಿಯ ಬೆಳಗಿನಲ್ಲಿ ತಣ್ಣಗಿದ್ದ ಆ ಕಬ್ಬಿಣವೂ ಒಂದು ಗಳಿಗೆಯಲ್ಲಿ ಬೆಚ್ಚಗಾಗಿ ಅವನನ್ನು ಗಾಬರಿಪಡಿಸುತ್ತಿತ್ತು. ಅದು ತನ್ನದೇ ಕೈಯ ಬಿಸಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ತೆಗೆದ. ಐವತ್ತೇಳು ವರ್ಷದ ಮನುಷ್ಯ. ಮೂವತ್ತೊಂದು ವರ್ಷ ಕರೆಂಟಿನ ಇಲಾಖೆಯಲ್ಲಿ ಕೇಬಲ್ ಜೋಡಿಸಿದವ. ಪುತ್ತೂರಿನಿಂದ ಕಡಬದವರೆಗೆ, ಸುಳ್ಯದಾಚೆಯ ಕಾಡಂಚಿನವರೆಗೆ, ನೆಲದೊಳಗಿನ ಕೇಬಲ್ ಎಲ್ಲೆಲ್ಲಿ ಮೇಲೆದ್ದು ಸ್ವಿಚ್ಚಿಗೆ ಸೇರುತ್ತದೋ ಅಲ್ಲೆಲ್ಲ ಅವನ ಕೈ ಬಿದ್ದಿತ್ತು. ದೇವದಾಸನ ಜಾಯಿಂಟು ಎಂದರೆ ಮತ್ತೆ ತಿರುಗಿ ನೋಡಬೇಕಾಗಿಲ್ಲ ಎಂದು ಇಲಾಖೆಯಲ್ಲಿ ಹೆಸರು. ಹಾಗೆ ಯಾರೂ ತಿರುಗಿ ನೋಡದೆ ಇದ್ದುದರಿಂದಲೇ ಏಳು ವರ್ಷ ಕಳೆದುಹೋಗಿತ್ತು.

ಇವತ್ತು ಕ್ಯಾಮೆರಾ ಬರುವ ದಿನ. ಬೆಂಗಳೂರಿನಿಂದ ಒಂದು ಜೀಪು, ಅದರಲ್ಲಿ ಬಿಸಿಯನ್ನು ಕಾಣುವ ಒಂದು ಕ್ಯಾಮೆರಾ. ಸೆಕ್ಷನ್ ಆಫೀಸರ್ ಮಹಾಬಲ ರೈಗಳಿಗೆ ಹದಿನೈದು ದಿನದಿಂದ ಬೇರೆ ಮಾತಿಲ್ಲ. ಮುಟ್ಟಬೇಕಾಗಿಲ್ಲ, ಬಿಚ್ಚಬೇಕಾಗಿಲ್ಲ, ಲೈನು ನಿಲ್ಲಿಸಬೇಕಾಗಿಲ್ಲ. ದೂರದಲ್ಲಿಟ್ಟು ನೋಡಿದರೆ ಎಲ್ಲಿ ಬೆಸುಗೆ ಸಡಿಲವೋ ಅಲ್ಲಿ ಬೆಳ್ಳಗೆ ಕಾಣುತ್ತದೆಯಂತೆ. ಆ ಮಾತನ್ನು ಮೊದಲು ಕೇಳಿದ ಸಂಜೆ ದೇವದಾಸ ಮನೆಯಲ್ಲಿ ಊಟ ಬಿಟ್ಟಿದ್ದ. ಹೆಂಡತಿ ರಾಜೀವಿ, "ಎಂತ, ಹೊಟ್ಟೆ ಸರಿ ಇಲ್ವಾ?" ಎಂದು ಕೇಳಿ ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಿ ಕೊಟ್ಟಿದ್ದಳು. ಅದನ್ನು ಕುಡಿದು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ. ಆದರೆ ಎರಡು ದಿನ ಕಳೆಯುವಾಗ ಹೆದರಿಕೆಯ ಅಡಿಯಿಂದ ಅವನು ಎಣಿಸದ ಒಂದು ಆಸೆ ಮೇಲೆ ಬಂತು. ಯಂತ್ರ ನೋಡಲಿ. ಯಂತ್ರವೇ ಹೇಳಲಿ. ಬಾಯಿ ಬಿಡದೆ ತಪ್ಪೊಪ್ಪಿಕೊಳ್ಳಲು ಸರಕಾರವೇ ಒಂದು ಉಪಾಯ ಕಳಿಸಿಕೊಟ್ಟ ಹಾಗಾಯಿತಲ್ಲ! ಅಯ್ಯೋ ಹೌದಾ ಸಾರ್, ಹಳೆಯ ಬೆಸುಗೆ, ಸಡಿಲಾಗಿರಬೇಕು, ನಾಳೆಯೇ ಬಿಚ್ಚಿ ಹೊಸತು ಮಾಡುತ್ತೇನೆ ಎಂದು ತಾನು ಹೇಳುವ ಮಾತನ್ನೂ ಅದಕ್ಕೆ ತಕ್ಕ ಮುಖವನ್ನೂ ಬಚ್ಚಲಿನ ಕನ್ನಡಿಯ ಮುಂದೆ ಮಾಡಿ ನೋಡಿದ್ದ. ಆ ಮುಖ ಅವನಿಗೆ ಹೇಸಿಗೆ ತರಿಸಿತ್ತು. ಆದರೂ ಹದಿಮೂರು ದಿನ ಅದೇ ಮುಖವನ್ನು ನೆಚ್ಚಿಕೊಂಡು ಬದುಕಿದ.

ಮಂಜೊಳಿಕೆ ಸಬ್‌ಸ್ಟೇಷನ್ ದೊಡ್ಡದೇನಲ್ಲ. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಎರಡು ಟ್ರಾನ್ಸ್‌ಫಾರ್ಮರ್, ಒಂದು ಉದ್ದನೆಯ ಕೋಣೆ, ಕೋಣೆಯೊಳಗೆ ಸಾಲಾಗಿ ನಾಲ್ಕು ಸ್ವಿಚ್ಚು, ಪ್ರತಿ ಸ್ವಿಚ್ಚಿಗೂ ಸೊಂಟದೆತ್ತರಕ್ಕೆ ಒಂದೊಂದು ಎರಕದ ಕಬ್ಬಿಣದ ಪೆಟ್ಟಿಗೆ. ನೆಲದಡಿಯಿಂದ ಬಂದ ಕೇಬಲ್ ಪೆಟ್ಟಿಗೆಯೊಳಗೆ ಮೂರು ಕವಲಾಗುತ್ತದೆ. ಒಂದೊಂದು ಕವಲಿನ ತುದಿಗೂ ತಾಮ್ರದ ಟೊಪ್ಪಿ ತೊಡಿಸಿ, ಕರಗಿಸಿದ ಸೀಸ ಮತ್ತು ತವರವನ್ನು ಸೌಟಿನಿಂದ ಹೊಯ್ದು ಬೆಸೆಯಬೇಕು. ಆಮೇಲೆ ಡಾಂಬರಿನಂಥ ಕಪ್ಪು ದ್ರವ್ಯವನ್ನು ಕುದಿಸಿ ಪೆಟ್ಟಿಗೆ ತುಂಬ ಹೊಯ್ದು ಮುಚ್ಚಳ ಬಿಗಿಯಬೇಕು. ಮುಚ್ಚಿದ ಮೇಲೆ ಒಳಗಿನ ಸಂಗತಿ ಮಾಡಿದವನಿಗೆ ಮಾತ್ರ ಗೊತ್ತು. ನಾಲ್ಕನೆಯದು ಗುತ್ತಿಗಾರಿನ ಕಡೆಗೆ ಹೋಗುವ ಲೈನಿನ ಪೆಟ್ಟಿಗೆ. ಅದರ ಮೂರನೆಯ ಕವಲಿನ ಬೆಸುಗೆ ಹಿಡಿದಿಲ್ಲ ಎಂಬುದು ದೇವದಾಸನಿಗೆ ಹೊಯ್ದ ಕ್ಷಣದಲ್ಲೇ ಗೊತ್ತಾಗಿತ್ತು. ಸರಿಯಾಗಿ ಹಿಡಿದ ಬೆಸುಗೆ ಆರುವಾಗ ನೀರಿನ ಹಾಗೆ ನುಣ್ಣಗೆ ಹೊಳೆಯುತ್ತದೆ. ಅದು ಹೊಳೆಯಲಿಲ್ಲ. ಒಣಗಿದ ರವೆಯ ಹಾಗೆ ತರಿತರಿಯಾಗಿ, ಮಂಕಾಗಿ ಕುಳಿತುಬಿಟ್ಟಿತು.

ಎಪ್ಪತ್ತೊಂಬತ್ತನೆಯ ಇಸವಿ. ಆ ದಿನ ಬೇಕಾದದ್ದು ಒಂದು ಲೀಟರ್ ಸೀಮೆಎಣ್ಣೆ, ಅಷ್ಟೇ. ಸೀಸ ಕರಗಿಸುವ ಬ್ಲೋ ಲ್ಯಾಂಪಿನ ಉರಿ ಮೂರನೆಯ ಸೌಟಿನ ಹೊತ್ತಿಗೆ ಕೆಂಪಾಗಿ, ಗಂಟಲು ಕಟ್ಟಿದವನ ಹಾಗೆ ಗೊರಗೊರ ಮಾಡತೊಡಗಿತ್ತು. ಹೊರಗೆ ನಡೆದು ಸ್ಟೋರಿನವನನ್ನು ಕೇಳಿದ್ದರೆ ಸಿಗುತ್ತಿತ್ತು. ಆದರೆ ಅದೇ ಬೆಳಿಗ್ಗೆ ಆ ಸ್ಟೋರಿನವನು, ಹೆಸರೂ ಈಗ ಮರೆತುಹೋದ ಒಬ್ಬ ಬಡಕಲು ಮನುಷ್ಯ, ಏಳೆಂಟು ಜನ ಕೂಲಿಯವರ ಎದುರಿಗೆ ಕ್ಯಾನು ಎತ್ತಿ ಅಲುಗಾಡಿಸಿ, "ಎಂತ ದೇವದಾಸರೇ, ಬ್ಲೋ ಲ್ಯಾಂಪಿಗೆ ಹಾಕುದಾ ಇದು, ಮನೆಗೆ ಹೋಗುದಾ?" ಎಂದಿದ್ದ. ಕೂಲಿಯವರು ನಕ್ಕಿದ್ದರು. ದೇವದಾಸನೂ ನಕ್ಕಿದ್ದ; ಅದೇ ದೊಡ್ಡ ತಪ್ಪು, ಆಗ ಬೈದುಬಿಟ್ಟಿದ್ದರೆ ಸಂಜೆ ಹೋಗಿ ಕೇಳಲು ಬಾಯಿ ಬರುತ್ತಿತ್ತು. ನಕ್ಕದ್ದರಿಂದ ಕೇಳಲಾಗಲಿಲ್ಲ. ನಾಲ್ಕೂವರೆಯವರೆಗೆ ಆ ನಗುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೆಲಸ ಮಾಡಿದ. ಉರಿ ಕೆಂಪಾದಾಗ, ಸಾಯಲಿ, ಇವನ ಎಣ್ಣೆ ಇವನೇ ಕುಡಿಯಲಿ ಎಂದುಕೊಂಡು ಅರೆ ಬಿಸಿಯ ಸೌಟನ್ನೇ ಹೊಯ್ದ. ಮಂಕಾದ ಬೆಸುಗೆಯ ಮೇಲೆ ಪಟ್ಟಿ ಸುತ್ತಿದ. ಕಪ್ಪು ದ್ರವ್ಯ ಹೊಯ್ದ. ಮುಚ್ಚಳ ಬಿಗಿದ. ನಾಳೆ ಬಿಚ್ಚಿದರಾಯಿತು ಎಂದು ಆಗ ಅನಿಸಿದ್ದು ಸುಳ್ಳಲ್ಲ.

ನಾಲ್ಕೈದು ವರ್ಷ ಏನೂ ಆಗಲಿಲ್ಲ. ಆ ಲೈನಿನಲ್ಲಿ ಕರೆಂಟು ಓಡುತ್ತಿದ್ದದ್ದೇ ಅಷ್ಟಕ್ಕಷ್ಟೆ. ಆಮೇಲೆ ತೋಟಗಳಿಗೆ ನೀರೆತ್ತುವ ಪಂಪುಗಳು ಬಂದವು. ಒಬ್ಬ ಹಾಕಿಸಿದನೆಂದು ಇನ್ನೊಬ್ಬ. ಡಿಸೆಂಬರ್ ಕಳೆದರೆ ಸಾಕು, ಹೊಳೆಬದಿಯುದ್ದಕ್ಕೂ ಪಂಪುಗಳದೇ ಗುಂಯ್‌ಗುಟ್ಟುವಿಕೆ. ಹೋದ ವರ್ಷ ಇಂಥದೇ ಚಳಿಯಲ್ಲಿ ದೇವದಾಸ ಯಾವುದೋ ಕೆಲಸಕ್ಕೆ ಮಂಜೊಳಿಕೆಗೆ ಬಂದಿದ್ದಾಗ, ಹಗಲು ಪಾಳಿಯ ಆಪರೇಟರ್ ಅಬ್ಬಾಸ್ ತನ್ನ ಬುತ್ತಿಯನ್ನು ಆ ನಾಲ್ಕನೆಯ ಪೆಟ್ಟಿಗೆಯ ಮೇಲಿಂದ ಎತ್ತಿಕೊಂಡು ಬಂದ. "ನೋಡಿ ದೇವಣ್ಣ, ಬೆಳಿಗ್ಗೆ ಇಟ್ಟದ್ದು. ಒಂದು ಗಂಟೆಗೆ ಈಗ ಒಲೆಯಿಂದ ಇಳಿಸಿದ ಹಾಗೆ ಉಂಟು. ಇದೊಂದು ಮಾತ್ರ ಯಾಕೆ ಹೀಗೆ ಬಿಸಿ? ಬೇರೆ ಮೂರು ತಣ್ಣಗುಂಟಲ್ಲ?" ಆಗ ಹೇಳಬಹುದಿತ್ತು. ಅಬ್ಬಾಸ್ ಬೇರೆಯವನಲ್ಲ. ಹದಿನಾರು ವರ್ಷದ ಗೆಳೆತನ. ಅಣ್ಣ ದುಬೈಯಿಂದ ವೀಸಾ ಕಳಿಸಿದಾಗ ಹೋಗುವುದೋ ಬಿಡುವುದೋ ಎಂದು ಅವನು ಕೇಳಲು ಬಂದದ್ದು ದೇವದಾಸನ ಹತ್ತಿರ, "ಇಲ್ಲಿ ಸರಕಾರದ ಕೆಲಸ ಉಂಟಲ್ಲ ಮಾರಾಯ, ನೆರಳಿನಲ್ಲಿ ಕೂತು ಮಾಡುವ ಕೆಲಸ. ಎಂತಕ್ಕೆ ಆ ಮರಳಿಗೆ ಹೋಗುದು?" ಎಂದು ಅವನನ್ನು ಇಲ್ಲಿ ಉಳಿಸಿದ್ದೂ ದೇವದಾಸನೇ. ಆದರೆ ಆ ಮಧ್ಯಾಹ್ನ ದೇವದಾಸನ ಬಾಯಿಂದ ಬಂದದ್ದು, "ಅದಕ್ಕೆ ಲೋಡ್ ಜಾಸ್ತಿ ಅಲ್ವಾ ಅಬ್ಬಾಸ್, ಬಿಸಿ ಆಗುದೇ. ಏನಿಲ್ಲ ಅದು" ಎಂಬ ಮಾತು. ಅಷ್ಟು ಸಲೀಸಾಗಿ ಬಂದಿತ್ತು ಅದು. ಅಬ್ಬಾಸನ ಹೆಂಡತಿ ಸುಹರಾ ಕಳಿಸಿದ ಮೀನು ಸಾರಿನಲ್ಲಿ ಅರ್ಧ ಪಾಲು ತಿಂದು, ಬೆರಳು ನೆಕ್ಕಿ, ಕೈ ತೊಳೆಯುವ ನೆವದಲ್ಲಿ ಹಿಂದೆ ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಿದ್ದ. ಹತ್ತು ಎಣಿಸುವುದರೊಳಗೆ ತೆಗೆಯಬೇಕಾಯಿತು.

ಅಂದಿನಿಂದ ಮಂಜೊಳಿಕೆಗೆ ಬಂದಾಗಲೆಲ್ಲ ಅವನದು ಇದೇ ಕೆಲಸ. ಯಾರೂ ನೋಡದಾಗ ಅಂಗೈ ಇಡುವುದು, ಎಣಿಸುವುದು. ಹತ್ತು ಎಂಟಾಯಿತು. ಮೊನ್ನೆಯ ಡಿಸೆಂಬರಿನಲ್ಲಿ ಐದು. ಬಿಸಿ ಏರಿ ಏರಿ ಕೊನೆಗೆ ಪೆಟ್ಟಿಗೆ ಒಡೆಯುವುದು ಹೇಗೆಂದು ಅವನು ಕಂಡವನು. ಗಡಿಯಾಚೆ ಒಂದು ಹಂಚಿನ ಕಾರ್ಖಾನೆಯಲ್ಲಿ ಹಾಗೆ ಆದಾಗ ಹೊಸ ಜಾಯಿಂಟು ಮಾಡಲು ಇವನನ್ನೇ ಎರವಲು ಕರೆಸಿದ್ದರು. ಮುಚ್ಚಳ ಹಾರಿ ಗೋಡೆಗೆ ಕಚ್ಚಿತ್ತು. ಕುದಿಯುವ ಕಪ್ಪು ಗೋಡೆಗೆಲ್ಲ ಎರಚಿತ್ತು. ಆ ಕಪ್ಪಿನ ನಡುವೆ ಒಂದು ಕುರ್ಚಿಯ ಬೆನ್ನಿನಷ್ಟು, ಅದರ ಮೇಲೆ ಒಂದು ತಲೆಯಷ್ಟು ಜಾಗ ಮಾತ್ರ ಬಿಳಿಯಾಗಿ ಉಳಿದಿತ್ತು. ಆ ಕುರ್ಚಿಯಲ್ಲಿದ್ದ ಮನುಷ್ಯ ಬದುಕಿದನೋ ಇಲ್ಲವೋ ದೇವದಾಸ ಕೇಳಲಿಲ್ಲ. ಕೇಳುವ ಧೈರ್ಯ ಸಾಲಲಿಲ್ಲ. ಆ ಬಿಳಿ ಜಾಗಕ್ಕೆ ಬೆನ್ನು ಹಾಕಿಯೇ ಮೂರು ದಿನ ಕೆಲಸ ಮಾಡಿ ಬಂದಿದ್ದ.

ಮಂಜೊಳಿಕೆಯಲ್ಲಿ ಇಳಿದಾಗ ಜೀಪು ಇನ್ನೂ ಬಂದಿರಲಿಲ್ಲ. ಗೇಟಿನಿಂದ ಕೋಣೆಯವರೆಗೆ ಸುಣ್ಣದ ಗೆರೆ ಎಳೆದಿದ್ದರು. ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಒಳಗೆ ನಾಲ್ಕು ಪೆಟ್ಟಿಗೆಗಳೂ ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿದ್ದವು. ಆ ಬಣ್ಣ ಭಾನುವಾರದ್ದು. "ಬೆಂಗಳೂರಿನವರು ಬರುವಾಗ ಈ ಕಪ್ಪು ಕಪ್ಪು ಪೆಟ್ಟಿಗೆ ತೋರಿಸುದಾ ನಾವು? ಸಿಲ್ವರ್ ಪೇಂಟ್ ಹೊಡೀಬೇಕು" ಎಂದು ರೈಗಳು ಎರಡು ಗಂಟೆ ಲೈನು ನಿಲ್ಲಿಸಿಕೊಟ್ಟಿದ್ದರು. ಯಾರೇ ದೊಡ್ಡವರು ಬರಲಿ, ಇಲಾಖೆಯಲ್ಲಿ ಮೊದಲು ತೆರೆಯುವುದು ಬಣ್ಣದ ಡಬ್ಬಿ. ಮಂತ್ರಿ ಬಂದರೆ ಕಂಬಕ್ಕೆ, ಇಂಜಿನಿಯರ್ ಬಂದರೆ ಪೆಟ್ಟಿಗೆಗೆ. ಬೇರೆ ಮೂರನ್ನು ಯಾರು ಯಾರೋ ಬಳಿದರು. ನಾಲ್ಕನೆಯದನ್ನು ದೇವದಾಸ ಯಾರಿಗೂ ಬಿಡಲಿಲ್ಲ. ಮುಚ್ಚಳದ ಸಂದಿನಿಂದ ಕಪ್ಪು ದ್ರವ್ಯ ಸಣ್ಣಗೆ ಕರಗಿ ಕಣ್ಣೀರಿಳಿದ ಹಾಗೆ ಎರಡು ಗೆರೆಯಾಗಿ ಇಳಿದಿತ್ತು. ಬೆಂಗಳೂರಿನವನು ಬಿಡಿ, ನಿನ್ನೆ ಕೆಲಸಕ್ಕೆ ಸೇರಿದವನೂ ಅದನ್ನು ಕಂಡರೆ ಹುಬ್ಬೇರಿಸುತ್ತಿದ್ದ. ದೇವದಾಸ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆ ಎರಡು ಗೆರೆಗಳನ್ನು ಉಜ್ಜಿ ತೆಗೆದ. ಅದರ ಮೇಲೆ ಬೆಳ್ಳಿ ಬಣ್ಣ ಬಳಿದ, ಒಂದಲ್ಲ, ಎರಡು ಕೈ. ಯಾಕೆ ತೆಗೆದೆ ಎಂದು ಆಗಲೇ ತನ್ನನ್ನು ಕೇಳಿಕೊಂಡಿದ್ದ. ಕ್ಯಾಮೆರಾ ಒಳಗಿನದನ್ನೇ ನೋಡುತ್ತದಲ್ಲ, ಹೊರಗಿನ ಕೊಳೆ ಯಾಕೆ ಇರಬೇಕು ಎಂದು ಉತ್ತರ ಕೊಟ್ಟುಕೊಂಡಿದ್ದ. ಸಿಕ್ಕಿಬೀಳಬೇಕು, ಆದರೆ ಕೊಳಕಾಗಿ ಸಿಕ್ಕಿಬೀಳಬಾರದು. ಅವನ ಆಸೆ ಅಷ್ಟೇ ಇತ್ತು.

"ಬುತ್ತಿ ಎಲ್ಲಿ?" ಎಂದು ಕೇಳಿದ. ಅಬ್ಬಾಸ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಅಪರೂಪಕ್ಕೆ ಗಡ್ಡ ಒಪ್ಪ ಮಾಡಿಕೊಂಡಿದ್ದ. "ಕಪಾಟಿನ ಒಳಗೆ. ರೈಗಳು ನಿನ್ನೆ ನೋಡಿ ಬೈದ್ರು. ಇನ್ನೊಮ್ಮೆ ಪೆಟ್ಟಿಗೆ ಮೇಲೆ ಕಂಡ್ರೆ ಮೆಮೋ ಅಂತೆ. ಇವತ್ತು ತಂಗಳೇ ಗತಿ ದೇವಣ್ಣ." ಅವನು ನಕ್ಕ. ದೇವದಾಸನ ಅಂಗೈ ತಾನಾಗಿ ಪೆಟ್ಟಿಗೆಯ ಕಡೆ ಹೋಯಿತು. ಒಂದು, ಎರಡು, ಮೂರು, ನಾಲ್ಕು. ಸಾಕಾಯಿತು. ಇಷ್ಟು ಬಿಸಿಯನ್ನು ಕುರುಡನೂ ಕಾಣುತ್ತಾನೆ ಎಂದುಕೊಂಡ. ಅವನಿಗೆ ಅಳು ಬರುವಷ್ಟು ಸಮಾಧಾನವಾಯಿತು.

ಕ್ಯಾಮೆರಾ ತಂದ ಇಂಜಿನಿಯರ್ ಸರ್ವೋತ್ತಮ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ. ಅಜ್ಜನ ಮನೆ ಇಲ್ಲೇ ಪುತ್ತೂರಿನ ಹತ್ತಿರ ಬೆಟ್ಟಂಪಾಡಿ ಎಂದು ಅವನೇ ಹೇಳಿದಾಗ ರೈಗಳ ಮುಖ ಅರಳಿತು. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಬೆಲ್ಲದ ಡಬ್ಬಿಯಷ್ಟು ದೊಡ್ಡ ಕ್ಯಾಮೆರಾ, ಅದರಿಂದ ಹೊರಟ ವಯರಿನ ತುದಿಯಲ್ಲಿ ಅಂಗೈಯಗಲದ ಪರದೆ. ಒಂದು ಫ್ಲಾಸ್ಕಿನಿಂದ ಅವನು ಕ್ಯಾಮೆರಾದ ನೆತ್ತಿಗೆ ಏನೋ ಹೊಯ್ದ. ಬಿಳಿ ಹೊಗೆ ಎದ್ದು ನೆಲದ ಮೇಲೆ ಹರಿಯಿತು. "ಹೆದರಬೇಡಿ, ಇದು ತಣ್ಣಗಿನ ಹೊಗೆ. ಬಿಸಿ ನೋಡ್ಬೇಕಾದ್ರೆ ಕ್ಯಾಮೆರಾದ ಕಣ್ಣು ಐಸಿಗಿಂತ ತಣ್ಣಗೆ ಇರ್ಬೇಕು," ಎಂದ. ಫ್ಲಾಸ್ಕಿನಲ್ಲಿದ್ದದ್ದು ಮುಗಿಯುವುದರೊಳಗೆ ಇಲ್ಲಿಂದ ಕಡಬಕ್ಕೂ ಹೋಗಿ ನೋಡಿ ಮುಗಿಸಬೇಕು ಎಂದೂ ಹೇಳಿದ. ದೇವದಾಸ ಗೋಡೆಗೆ ಒರಗಿ ನಿಂತಿದ್ದ. ಕನ್ನಡಿಯ ಮುಂದೆ ಮಾಡಿದ ಮುಖ ನೆನಪಾಗಲಿಲ್ಲ. ಹೇಳಬೇಕಾದ ಮಾತು ಮಾತ್ರ ನಾಲಿಗೆಯ ತುದಿಯಲ್ಲಿತ್ತು.

ಮೊದಲನೆಯ ಪೆಟ್ಟಿಗೆ ಪರದೆಯಲ್ಲಿ ಬೂದು ಬಣ್ಣದ ಒಂದು ಚೌಕ. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ನಾಲ್ಕನೆಯದಕ್ಕೆ ಕ್ಯಾಮೆರಾ ತಿರುಗುವಾಗ ದೇವದಾಸ ಕಣ್ಣು ಮುಚ್ಚಿಕೊಂಡ. ಸ್ಟೋರಿನವನ ಕ್ಯಾನಿನ ತಳದಲ್ಲಿ ಎಣ್ಣೆ ಕುಲುಕುವ ಸದ್ದು ಕೇಳಿದಂತಾಯಿತು. ಈಗ, ಈಗ ಹೇಳುತ್ತಾನೆ. "ಇದೂ ಹಾಗೇ ಉಂಟು," ಎಂದ ಸರ್ವೋತ್ತಮ. ದೇವದಾಸ ಕಣ್ಣು ಬಿಟ್ಟ. ಪರದೆಯ ಮೇಲೆ ಬೂದು ಬಣ್ಣದ ಇನ್ನೊಂದು ಚೌಕ. "ಉಳಿದದ್ದಕ್ಕಿಂತ ಒಂದು ಎಳೆ ಬಿಳಿ, ಅಷ್ಟೇ. ಈ ಲೈನಲ್ಲಿ ಲೋಡ್ ಜಾಸ್ತಿ ಅಲ್ವಾ, ಅಷ್ಟು ಇರ್ತದೆ. ಲೆಕ್ಕಕ್ಕಿಲ್ಲ." ಅದೇ ಮಾತು. ಹೋದ ವರ್ಷ ಅಬ್ಬಾಸನಿಗೆ ತಾನು ಹೇಳಿದ ಅದೇ ಮಾತನ್ನು ಬೆಂಗಳೂರಿನ ಹುಡುಗ ತಿರುಗಿ ತನಗೆ ಹೇಳುತ್ತಿದ್ದಾನೆ. ರೈಗಳು ದೇವದಾಸನ ಬೆನ್ನು ತಟ್ಟಿದರು. "ನಾನು ಹೇಳಿಲ್ವಾ ಸಾರ್? ಇವರ ಕೈ ಅಂದ್ರೆ ಕೈ."

ಅಷ್ಟರಲ್ಲಿ ಹೋಟೆಲಿನಿಂದ ಚಾ ಬಂತು, ಸ್ಟೀಲಿನ ಲೋಟಗಳಲ್ಲಿ. ಕೆಲಸ ಹಗುರಾದ ಖುಷಿಯಲ್ಲಿ ಸರ್ವೋತ್ತಮ ಕ್ಯಾಮೆರಾವನ್ನು ರೈಗಳ ಕಡೆ ತಿರುಗಿಸಿದ. ಪರದೆಯ ಮೇಲೆ ರೈಗಳ ಮುಖ ಬೆಳ್ಳಗೆ, ಮೂಗಿನ ತುದಿ ಮಾತ್ರ ಕಪ್ಪಾಗಿ ಕಾಣಿಸಿತು. ಎಲ್ಲರೂ ನಕ್ಕರು. ರೈಗಳು ಲೋಟ ಎತ್ತಿ ಹಿಡಿದರು. ಹಿಡಿದ ಬೆರಳು ಬಿಳಿ, ಲೋಟ ಕಪ್ಪು. "ಇದೆಂತ ಸಾರ್, ಕೈ ಸುಡ್ತಾ ಉಂಟು ನನಗೆ, ಇದರಲ್ಲಿ ನೋಡಿದ್ರೆ ಐಸು!" "ಅದು ಹಾಗೆಯೇ. ಮಿಂಚುವ ವಸ್ತು ತನ್ನ ಬಿಸಿಯನ್ನು ಹೊರಗೆ ಬಿಡುದು ಕಡಿಮೆ. ಎದುರಿಗೆ ಇದ್ದದ್ದನ್ನೇ ತೋರಿಸ್ತದೆ," ಎಂದು ಸರ್ವೋತ್ತಮ ಚಾ ಊದಿಕೊಂಡು ಕುಡಿದ. ಅಂದವನಿಗೆ ತಾನು ಅಂದದ್ದು ಕೇಳಿಸಲಿಲ್ಲ. ಕೇಳಿಸಿದ್ದು ದೇವದಾಸನಿಗೆ. ಅವನು ಲೋಟ ನೋಡಿದ. ಪೆಟ್ಟಿಗೆ ನೋಡಿದ. ಭಾನುವಾರ ತಾನು ಬಳಿದ ಎರಡು ಕೈ ಬೆಳ್ಳಿ ಬಣ್ಣ ಕಿಟಕಿಯ ಬೆಳಕನ್ನೂ ಮಾವಿನೆಲೆಯ ನೆರಳನ್ನೂ ಚೆಂದವಾಗಿ ತೋರಿಸುತ್ತಿತ್ತು. ಒಳಗಿನ ಬಿಸಿಯನ್ನು ಮುಚ್ಚಿದ್ದು ಆ ಬಣ್ಣವೇ. ಆ ಎರಡು ಕಪ್ಪು ಗೆರೆಗಳನ್ನಾದರೂ ಉಜ್ಜದೆ ಬಿಟ್ಟಿದ್ದರೆ ಎಂದು ಯೋಚಿಸಿದ. ದೇವರೇ, ಅವನ್ನಾದರೂ.

ಆಗ ಅವನು ಹೇಳಿದ. ಹೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಹೇಳಿಬಿಟ್ಟಿದ್ದ. "ಸಾರ್, ಆ ನಾಲ್ಕನೆಯದರಲ್ಲಿ ಬೆಸುಗೆ ಹಿಡಿದಿಲ್ಲ. ಮೂರನೆಯ ಕವಲು. ನಾನೇ ಮಾಡಿದ್ದು. ನನಗೆ ಗೊತ್ತುಂಟು." ಸರ್ವೋತ್ತಮ ಲೋಟ ಕೆಳಗಿಟ್ಟ. "ಇಲ್ವಲ್ಲ, ಈಗ ನೋಡಿದೆವಲ್ಲ?" "ಬಣ್ಣ ಸಾರ್. ನೀವು ಹೇಳಿದಿರಲ್ಲ, ಲೋಟ... ಇದಕ್ಕೂ ಹಾಗೇ... ಕೈ ಇಟ್ಟು ನೋಡಿ ಸಾರ್, ನಾಲ್ಕು ಎಣಿಸುವಷ್ಟು ಹೊತ್ತು ಇಡ್ಲಿಕ್ಕೆ ಆಗುದಿಲ್ಲ." ಮಾತು ಎಲ್ಲೆಲ್ಲೋ ಹೋಗುತ್ತಿತ್ತು. ಸೀಮೆಎಣ್ಣೆಯದನ್ನು ಹೇಳಲೇ? ಸ್ಟೋರಿನವನು ನಕ್ಕದ್ದನ್ನು? ತಾನು ನಕ್ಕದ್ದನ್ನು? ಹುಡುಗ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದ. ಕೈ ಪೆಟ್ಟಿಗೆಗೆ ಒಂದು ಗೇಣು ದೂರ ಇತ್ತು. ರೈಗಳು ತಟ್ಟನೆ ಅದನ್ನು ಹಿಡಿದು ಹಿಂದಕ್ಕೆಳೆದರು. "ಬೇಡ ಸಾರ್! ಲೈನು ಚಾಲೂ ಉಂಟು. ನಿಮಗೆ ಏನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಕೊಡುದು? ಮುಟ್ಟದೆ ನೋಡ್ಲಿಕ್ಕೆ ಅಲ್ವಾ ಇಷ್ಟು ದೊಡ್ಡ ಯಂತ್ರ ತಂದದ್ದು?" ಹುಡುಗನಿಗೆ ನಾಚಿಕೆಯಾಯಿತು. ಕೈಯನ್ನು ಪ್ಯಾಂಟಿನ ಕಿಸೆಗೆ ತುರುಕಿಕೊಂಡ.

"ಅಬ್ಬಾಸ್ ಹೇಳ್ಲಿ," ಎಂದ ದೇವದಾಸ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು. "ಅಬ್ಬಾಸನನ್ನು ಕೇಳಿ ಸಾರ್. ಅವನಿಗೆ ಗೊತ್ತುಂಟು ಇದು ಎಷ್ಟು ಬಿಸಿ ಅಂತ." ಎಲ್ಲರೂ ಅಬ್ಬಾಸನ ಕಡೆ ತಿರುಗಿದರು. ಅಬ್ಬಾಸ್ ರೈಗಳನ್ನು ನೋಡಿದ, ಕಪಾಟನ್ನು ನೋಡಿದ, ಆಮೇಲೆ ದೇವದಾಸನನ್ನು ನೋಡಿದ. ಆ ನೋಟದಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ದೇವದಾಸನಿಗೆ ಓಡಿಹೋಗಬೇಕೆನ್ನಿಸಿತು. ಹುಚ್ಚು ಹಿಡಿಯಿತಾ ನಿಮಗೆ, ಅಕ್ಟೋಬರಿಗೆ ರಿಟೈರು, ಯಾಕೆ ನಿಮ್ಮ ಕೈಯಾರೆ ಹಾಳು ಮಾಡಿಕೊಳ್ಳುವುದು, ಬಿಡಿ, ನಾನಿದ್ದೇನೆ ಎಂದು ಕಣ್ಣಲ್ಲೇ ಹೇಳಿ ಅಬ್ಬಾಸ್ ಬಾಯಿ ತೆರೆದ. "ಇಲ್ಲ ಸಾರ್. ಹಾಗೆ ಎಂತದ್ದೂ ಇಲ್ಲ. ಎಲ್ಲ ಒಂದೇ ಹಾಗೆ ಉಂಟು."

ರೈಗಳು ದೊಡ್ಡದಾಗಿ ನಕ್ಕರು. "ನೋಡಿ ಸಾರ್, ಇದೇ ಹಳಬರ ಗುಣ. ಯಂತ್ರ ಪಾಸ್ ಮಾಡಿದ್ರೂ ಅವರ ಮನಸ್ಸು ಪಾಸ್ ಮಾಡುದಿಲ್ಲ." ಸರ್ವೋತ್ತಮನೂ ನಕ್ಕ, ಹಿರಿಯರ ಮುಂದೆ ನಗುವ ಹಾಗೆ ಮೆತ್ತಗೆ. ಪರದೆಯ ಚಿತ್ರವನ್ನು ಅವನು ಎರಡು ಸಲ ಫೋಟೋ ತೆಗೆದಿದ್ದ, ಕ್ಯಾಮೆರಾದ ಬಾಯಿಂದ ಆಗಲೇ ಹೊರಬರುವ ಜಾತಿಯ ಫೋಟೋ. ಒಂದನ್ನು ಫೈಲಿಗೆ ಹಾಕಿ ಇನ್ನೊಂದನ್ನು ದೇವದಾಸನ ಕೈಗೆ ಕೊಟ್ಟ. "ಇಟ್ಕೊಳ್ಳಿ. ನಿಮ್ಮ ಜಾಯಿಂಟಿನ ಒಳಗಿನ ಫೋಟೋ ಇದುವರೆಗೆ ಯಾರೂ ಕೊಟ್ಟಿರ್ಲಿಕ್ಕಿಲ್ಲ ನಿಮಗೆ." ದೇವದಾಸ ಎರಡು ಕೈಯಲ್ಲಿ ತೆಗೆದುಕೊಂಡ. ಥ್ಯಾಂಕ್ಸ್ ಎಂದೂ ಹೇಳಿದ. ಹೇಳಿದ್ದು ಯಾಕೆಂದು ಎಷ್ಟು ಯೋಚಿಸಿದರೂ ಆಮೇಲೆ ಅವನಿಗೆ ಹೊಳೆಯಲಿಲ್ಲ.

ಜೀಪಿನ ಹತ್ತಿರ ರೈಗಳು ಅವನನ್ನು ಬದಿಗೆ ಕರೆದರು. ಈಗ ಅವರು ನಗುತ್ತಿರಲಿಲ್ಲ. "ನಿಜವಾ ನೀವು ಹೇಳಿದ್ದು?" "ನಿಜ ಸಾರ್." ರೈಗಳು ಜೀಪಿನವರಿಗೆ ಕೇಳದ ಹಾಗೆ ದನಿ ತಗ್ಗಿಸಿದರು. ಕೆಟ್ಟ ಮನುಷ್ಯರೇನಲ್ಲ ಅವರು. "ಈಗ ಜನವರಿ. ಆ ಲೈನು ಎರಡು ದಿವಸ ಆಫ್ ಮಾಡಿದ್ರೆ ತೋಟದವರು ನನ್ನನ್ನು ಜೀವ ಸಹಿತ ಬಿಡ್ತಾರಾ? ಎಂತ ಕಾರಣ ಹೇಳುದು ನಾನು? ಯಂತ್ರ ಸರಿ ಉಂಟು ಅಂದಿದೆ, ಫೈಲಿಗೆ ಫೋಟೋ ಹೋಗಿ ಆಯ್ತು. ಮಳೆಗಾಲ ಬರ್ಲಿ, ಪಂಪು ನಿಲ್ತದೆ, ಆಗ ಮೆಲ್ಲ ಬಿಚ್ಚಿ ಮಾಡಿಬಿಡಿ. ಯಾರಿಗೂ ಗೊತ್ತಾಗುದು ಬೇಡ." "ಅಷ್ಟರವರೆಗೆ ಸಾರ್?" "ಏಳು ವರ್ಷ ನಿಂತದ್ದು ಐದು ತಿಂಗಳು ನಿಲ್ಲುದಿಲ್ವಾ ಮಾರಾಯ್ರೆ?" ಜೀಪು ಕಡಬದ ಕಡೆ ಹೊರಟಿತು. ಧೂಳಿನಲ್ಲಿ ನಿಂತ ದೇವದಾಸನಿಗೆ, ರೈಗಳ ಆ ಕೊನೆಯ ಮಾತನ್ನು ತಾನು ಪ್ರತಿ ವರ್ಷವೂ ತನಗೆ ತಾನೇ ಹೇಳಿಕೊಂಡಿದ್ದೇನೆ ಎಂಬುದು ನೆನಪಾಯಿತು.

ಒಳಗೆ ಬಂದಾಗ ಅಬ್ಬಾಸ್ ಕಪಾಟಿನಿಂದ ಬುತ್ತಿ ತೆಗೆದು ನಾಲ್ಕನೆಯ ಪೆಟ್ಟಿಗೆಯ ಮೇಲೆ ಇಟ್ಟಾಗಿತ್ತು. "ಎಂತ ದೇವಣ್ಣ ನೀವು! ನನ್ನ ಜೀವವೇ ಹೋಯ್ತು. ಮೆಮೋ ಸಿಗುದು ಬಿಡಿ, ನಿಮ್ಮ ಪೆನ್ಷನ್ ಎಂತ ಆಗ್ತಿತ್ತು?" "ಅಬ್ಬಾಸ್, ಕೇಳು. ಬುತ್ತಿ ತೆಗಿ ಅಲ್ಲಿಂದ. ನಾನು ಹೇಳಿದ್ದು ನಿಜ. ಹೋದ ವರ್ಷ ನಿನಗೆ ಹೇಳಿದ್ದೇ ಸುಳ್ಳು." ಹೇಳಿದ. ಸೀಮೆಎಣ್ಣೆಯಿಂದ ಹಿಡಿದು ಎಲ್ಲವನ್ನೂ, ಗೋಡೆಯ ಮೇಲಿನ ಬಿಳಿ ಜಾಗವನ್ನೂ, ಒಂದೂ ಬಿಡದೆ ಹೇಳಿದ. ಏಳು ವರ್ಷ ಬಾಯಿಯೊಳಗಿದ್ದ ಮಾತು ಹೊರಗೆ ಬಂದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಅಬ್ಬಾಸ್ ತಲೆಯಾಡಿಸುತ್ತ ಕೇಳಿದ, ಜ್ವರ ಬಂದವರ ಮಾತನ್ನು ಕೇಳುವ ಹಾಗೆ. "ಒಂದು ಹೇಳ್ಲಾ ದೇವಣ್ಣ? ನನಗೂ ಒಳಗೊಳಗೆ ಒಂದು ಹೆದರಿಕೆ ಇತ್ತು. ನಿಮಗೆ ಬೇಜಾರಾಗ್ತದೆ ಅಂತ ಹೇಳಿರ್ಲಿಲ್ಲ. ಅದಕ್ಕೇ ಕುರ್ಚಿ ಅಷ್ಟು ದೂರ ಇಟ್ಕೊಂಡದ್ದು ನಾನು. ಇವತ್ತು ಆ ಹುಡುಗ ನೋಡಿ ಹೇಳಿದ ಮೇಲೆ ಸಮಾಧಾನ ಆಯ್ತು. ಇನ್ನು ನೀವು ಸುಮ್ಮನೆ ತಲೆ ಕೆಡಿಸ್ಕೊಳ್ಬೇಡಿ." ದೇವದಾಸನ ಜೇಬಿನಿಂದ ಇಣುಕುತ್ತಿದ್ದ ಫೋಟೋವನ್ನು ಎಳೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಮೇಜಿನ ಗಾಜಿನಡಿ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಆಮೇಲೆ ತನ್ನ ಕುರ್ಚಿಯನ್ನು ಗರಗರನೆ ಎಳೆದು ತಂದು ನಾಲ್ಕನೆಯ ಪೆಟ್ಟಿಗೆಯ ಪಕ್ಕದಲ್ಲಿ ಹಾಕಿದ. "ಚಳಿ ಮಾರಾಯ್ರೆ. ಇಷ್ಟು ದಿವಸ ಸುಮ್ಮನೆ ಅಲ್ಲಿ ಕೂತು ನಡುಗಿದೆ."

ದೇವದಾಸ ಕುರ್ಚಿಯ ಕೈ ಹಿಡಿದು ಹಿಂದಕ್ಕೆ ಎಳೆದ. ಅಬ್ಬಾಸ್ ನಗುತ್ತ ಮುಂದಕ್ಕೆ ಎಳೆದ. ಇಬ್ಬರು ನಡುವಯಸ್ಸು ದಾಟಿದ ಗಂಡಸರು ಒಂದು ಕುರ್ಚಿಗೆ ಸ್ವಲ್ಪ ಹೊತ್ತು ಜಗ್ಗಾಡಿದರು. ದೇವದಾಸನ ಕೈಯಲ್ಲಿ ಅಷ್ಟು ಬಲವಿರಲಿಲ್ಲ, ಬಿಟ್ಟ. ಒಂದೂಕಾಲರ ಪುತ್ತೂರು ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು. ಅವನು ಹೊರಡಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ತಂದು ಅಬ್ಬಾಸನ ಕುರ್ಚಿಗೂ ಪೆಟ್ಟಿಗೆಗೂ ನಡುವೆ ಉಳಿದಿದ್ದ ಸಣ್ಣ ಜಾಗದಲ್ಲಿ ಹಾಕಿ, ಪೆಟ್ಟಿಗೆಗೆ ಬೆನ್ನು ಕೊಟ್ಟು ಕುಳಿತ. ಅಂಗಿಯ ಮೂಲಕ ಬಿಸಿ ನಿಧಾನಕ್ಕೆ ಬೆನ್ನಿಗೆ ಹತ್ತಿತು. ಒಂದು, ಎರಡು, ಮೂರು. ಈಗ ಎಣಿಸಿ ಪ್ರಯೋಜನವಿರಲಿಲ್ಲ. ಬೇಸಗೆ ಮುಗಿಯುವವರೆಗೆ, ಪಂಪುಗಳೆಲ್ಲ ನಿಲ್ಲುವವರೆಗೆ, ದಿನವೂ ಹೀಗೆ ಬಂದು ಇಲ್ಲಿ ಕೂರಲು ಯಾರು ಬಿಡುತ್ತಾರೆ? ನಾಳೆ ಸುಳ್ಯದಲ್ಲಿ ಕೆಲಸವಿತ್ತು, ನಾಡಿದ್ದು ಕಡಬದಲ್ಲಿ.

ಅಬ್ಬಾಸ್ ಬುತ್ತಿ ಇಳಿಸಿ ಬಿಚ್ಚಿದ. ಕುಚ್ಚಲಕ್ಕಿ ಅನ್ನದಿಂದ ಹಬೆ ಎದ್ದಿತು. ಬೆಳಗಿಡೀ ಕಪಾಟಿನಲ್ಲಿದ್ದದ್ದು, ಪೆಟ್ಟಿಗೆಯ ಮೇಲೆ ಇದ್ದದ್ದು ಒಂದು ಗಂಟೆಯೂ ಇಲ್ಲ. ಮುಚ್ಚಳದಲ್ಲಿ ಅರ್ಧ ಬಡಿಸಿ, ಮೇಲೆ ಬಂಗುಡೆ ಸಾರು ಹೊಯ್ದು ದೇವದಾಸನ ಮುಂದೆ ಹಿಡಿದ. "ಉಣ್ಣಿ ದೇವಣ್ಣ. ಸುಹರಾ ನಿಮಗೂ ಸೇರಿಸಿ ಹಾಕಿದ್ದಾಳೆ." ದೇವದಾಸ ತುತ್ತು ಕಲಸಿದ. ಬೆರಳು ಸುಟ್ಟಿತು. "ಬಿಸಿ ಉಂಟಲ್ಲ ಅಬ್ಬಾಸ್," ಎಂದ. "ನೋಡು, ಎಷ್ಟು ಬಿಸಿ ಉಂಟು."

"ಹೌದಲ್ವಾ?" ಎಂದ ಅಬ್ಬಾಸ್ ಖುಷಿಯಿಂದ. "ಮೊನ್ನೆಗಿಂತ ಇವತ್ತು ಬೇಗ ಆಯ್ತು." ಅವನು ಹಸಿದಿದ್ದ, ತಲೆ ಬಗ್ಗಿಸಿ ಉಣ್ಣತೊಡಗಿದ. ದೇವದಾಸ ಕಲಸಿದ ತುತ್ತನ್ನು ಬಾಯಿಗಿಟ್ಟುಕೊಂಡ.